ಹಳ್ಳಿ ರಸ್ತೆಗೆ ಟ್ರಾಫಿಕ್ ರೂಲ್ಸ್ ಇಲ್ವಾ?

ಸಿಂಧನೂರು, ಗಂಗಾವತಿ, ಸಿರುಗುಪ್ಪ ಕಡೆ ಭತ್ತದ ಕೊಯ್ಲು ಶುರುವಾದರೆ ಒಂದು ಮೆಸೇಜ್ ಓಡಾಡುತ್ತದೆ: "ಪಂಚಾಯ್ತಿ ರಸ್ತೆಗೆ ಹೆಲ್ಮೆಟ್, ಲೈಸೆನ್ಸ್ ಬೇಡ. ಬ್ರಿಟಿಷರ ಕಾಲದಿಂದಲೂ ಹಳ್ಳಿಗೆ ನಿಯಮವಿಲ್ಲ." ಎರಡೂ ಸುಳ್ಳು.

ಹಳೆಯದನ್ನೇ ಮೊದಲು ನೋಡೋಣ. ಸಿರುಗುಪ್ಪ ಇರುವ ಬಳ್ಳಾರಿ ಜಿಲ್ಲೆ 1953ರವರೆಗೆ ಮದ್ರಾಸಿನ ಭಾಗವಾಗಿತ್ತು. ಅಲ್ಲಿ 1884ರ ಸ್ಥಳೀಯ ಮಂಡಳಿಗಳ ಕಾಯ್ದೆ ಹಳ್ಳಿಗಾಡಿನ ರಸ್ತೆಗಳನ್ನು ಜಿಲ್ಲಾ ಮತ್ತು ತಾಲೂಕು ಬೋರ್ಡುಗಳಿಗೆ ಒಪ್ಪಿಸಿತ್ತು. ಎತ್ತಿನ ಗಾಡಿಗೂ ಟೋಲ್ ಕಟ್ಟಬೇಕಿತ್ತು! ಆಮೇಲೆ 1914ರ ಮೋಟಾರು ವಾಹನ ಕಾಯ್ದೆ ಬಂತು. 18 ತುಂಬದವರು ಸಾರ್ವಜನಿಕ ಜಾಗದಲ್ಲಿ ಮೋಟಾರು ಓಡಿಸುವಂತಿಲ್ಲ ಎಂದು ಅದರಲ್ಲೇ ಇತ್ತು. ಸಿಂಧನೂರು ಇರುವ ರಾಯಚೂರು, ಗಂಗಾವತಿ ಇರುವ ಕೊಪ್ಪಳ ಆಗ ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿದ್ದವು, ಹಾಗಾಗಿ ಬ್ರಿಟಿಷ್ ಕಾನೂನು ಅಲ್ಲಿಗೆ ನೇರವಾಗಿ ಅನ್ವಯಿಸುತ್ತಿರಲಿಲ್ಲ. ಮೂರೂ ಕಡೆ ಒಂದೇ ಕಥೆ ಅಂತ ಹೇಳುವ ಮೆಸೇಜ್ ಇಲ್ಲೇ ಎಡವುತ್ತದೆ.

ಈಗಿನದು 1988ರ ಮೋಟಾರು ವಾಹನ ಕಾಯ್ದೆ. ಜನರಿಗೆ ಓಡಾಡುವ ಹಕ್ಕಿರುವ ಯಾವ ದಾರಿಯಾದರೂ ಅದರ ಪ್ರಕಾರ "ಸಾರ್ವಜನಿಕ ಸ್ಥಳ". ಡಾಂಬರು ಹಾಕಿದ್ದೋ ಮಣ್ಣಿನದೋ, ಯಾರು ಮಾಡಿಸಿದ್ದೋ ಅನ್ನೋದು ಲೆಕ್ಕಕ್ಕಿಲ್ಲ. ಲೈಸೆನ್ಸ್ ಬೇಕು ಎನ್ನುವ 3ನೇ ಸೆಕ್ಷನ್, ಹೆಲ್ಮೆಟ್‌ನ 129ನೇ ಸೆಕ್ಷನ್ ಎರಡೂ ಈ ಪದವನ್ನೇ ಹಿಡಿದು ನಿಂತಿವೆ. ಟ್ರ್ಯಾಕ್ಟರ್ ಕೂಡ ಮೋಟಾರು ವಾಹನವೇ.

ಪಂಚಾಯ್ತಿಗೆ ಹಳ್ಳಿ ರಸ್ತೆ ನೋಡಿಕೊಳ್ಳುವ, ಒತ್ತುವರಿ ತೆಗೆಸುವ ಕೆಲಸವಿದೆ. ಹೆಲ್ಮೆಟ್ ಮಾಫಿ ಮಾಡುವ ಅಧಿಕಾರ ಮಾತ್ರ ಇಲ್ಲ, ಅಧ್ಯಕ್ಷರು ನಿಮ್ಮ ಮಾವನೇ ಆಗಿದ್ದರೂ.