ಸೆಟ್ ಕೆಟ್ಟಿಲ್ಲ, ವಾಟ್ ಕಡಿಮೆಯಾಗಿಲ್ಲ

ನಿನ್ನೆ ನಮ್ಮೂರ ತೇರು. ಈ ವರ್ಷ ಸ್ವಯಂಸೇವಕ ಹುಡುಗರ ಕೈಗೆ ವಾಕಿಟಾಕಿ ಬಂದಿತ್ತು. ಅದೂ ಲೈಸೆನ್ಸ್ ಬೇಡದ, ಅರ್ಧ ವಾಟಿನ 446 ಮೆಗಾಹರ್ಟ್ಸ್ ಸೆಟ್‌ಗಳು. ಯಾರೋ ವಿಚಾರಿಸಿ, ತಿಳಿದುಕೊಂಡು ತಂದಿದ್ದಾರೆ ಅಂತ ನನಗೆ ನಿಜಕ್ಕೂ ಖುಷಿಯಾಯಿತು. ಆ ಖುಷಿ ತೇರು ಬೀದಿ ತಿರುಗುವಷ್ಟರಲ್ಲಿ ಇಳಿದುಹೋಯಿತು.

ದೇವಸ್ಥಾನದ ಹಿಂದೆ ಗಾಡಿ ನಿಲ್ಲಿಸುವ ಜಾಗ ನೋಡಿಕೊಳ್ಳುತ್ತಿದ್ದ ಹುಡುಗ ತನ್ನ ಸೆಟ್ಟನ್ನು ಅಂಗೈಗೆ ಬಡಿಯುತ್ತಿದ್ದ. "ಅಣ್ಣಾ, ಇದು ಹೋಗಿದೆ. ನಾನು ಮಾತಾಡಿದ್ದು ಅವರಿಗೆ ಕೇಳುತ್ತೆ, ಅವರದ್ದು ನಂಗೆ ಕೇಳಲ್ಲ" ಅಂದ. ಪಕ್ಕದಲ್ಲೇ ಇದ್ದ ಸಮಿತಿಯ ಹಿರಿಯರು, ನನಗೆ ದೂರದಲ್ಲಿ ಮಾವ ಆಗಬೇಕು, ತಕ್ಷಣ ತೀರ್ಪು ಕೊಟ್ಟೇಬಿಟ್ಟರು: "ಪವರ್ ಸಾಲ್ತಿಲ್ಲ ಕಣಪ್ಪ. ಮುಂದಿನ ವರ್ಷ ಎಂಟು ವಾಟಿಂದೇ ತರಿಸೋಣ. ಆನ್‌ಲೈನಲ್ಲಿ ಸಿಗುತ್ತೆ."

ಈ ಮಾತು ಕೇಳಿದರೆ ನನಗೆ ತಡೆಯೋಕೆ ಆಗಲ್ಲ. ಕೇಳಿಸ್ತಿಲ್ವಾ? ಪವರ್ ಜಾಸ್ತಿ ಮಾಡು. ತುಂಡಾಗಿ ಕೇಳಿಸ್ತಿದೆಯಾ? ಪವರ್ ಜಾಸ್ತಿ ಮಾಡು. ಟ್ರೆಕ್ಕಿಂಗ್ ತಂಡದವರು, ಅಪಾರ್ಟ್‌ಮೆಂಟ್ ಸೆಕ್ಯುರಿಟಿಯವರು, ಮದುವೆ ಈವೆಂಟ್ ಮಾಡುವವರು, ಎಲ್ಲರ ಬಾಯಲ್ಲೂ ಇದೊಂದೇ ಮದ್ದು. ಇದರಿಂದ ರೋಗ ವಾಸಿಯಾಗಲ್ಲ. ಅದಕ್ಕಿಂತ ಮುಖ್ಯವಾಗಿ, ಇಷ್ಟು ಹೊತ್ತು ಕಾನೂನಿನ ಒಳಗಿದ್ದವರು ಈ ಮದ್ದು ತಗೊಂಡ ಕ್ಷಣ ಹೊರಗೆ ಹೋಗಿಬಿಡುತ್ತಾರೆ.

ಹುಡುಗನ ಸೆಟ್ ಕೈಗೆ ತಗೊಂಡೆ. ಪರದೆಯ ಮೇಲೆ ದೊಡ್ಡದಾಗಿ 3 ಅಂತ ಇತ್ತು, ಅದು ಚಾನೆಲ್. ಅದರ ಪಕ್ಕದಲ್ಲಿ ಸಣ್ಣಕ್ಷರದಲ್ಲಿ 12. ಚಾನೆಲ್‌ಗೆ ಬಂದದ್ದನ್ನೆಲ್ಲ ಸೋಸದೆ ಕೇಳಿಸುವ ಮಾನಿಟರ್ ಬಟನ್ ಒತ್ತಿ ಹಿಡಿದೆ. ಒಂದು ಕ್ಷಣ ಬರೀ ಗೊರಗೊರ ಸದ್ದು. ಆಮೇಲೆ ತೇರಿನ ಮುಂದಿದ್ದ ಹುಡುಗನ ದನಿ ಸ್ವಚ್ಛವಾಗಿ ಬಂತು, "ಎಡಕ್ಕೆ ಜನ ಸರಿಸಿ, ಎಡಕ್ಕೆ!" ಬಟನ್ ಬಿಟ್ಟೆ, ಮೌನ. ಮತ್ತೆ ಒತ್ತಿದೆ, ದನಿ. ಅಲ್ಲಿಗೆ ಮುಗಿಯಿತು. ಬ್ಯಾಟರಿ ಸರಿ ಇದೆ, ಆಂಟೆನಾ ಸರಿ ಇದೆ, ಸಿಗ್ನಲ್ ಬೇಕಾದಷ್ಟಿದೆ. ಕೆಟ್ಟಿರೋದು ಆ ಸಣ್ಣ 12.

ಆ ಸಣ್ಣ ಅಂಕಿ ಟೋನ್ ಕೋಡ್. ಸಿಟಿಸಿಎಸ್‌ಎಸ್ ಅಂತ ಕರೆಯುತ್ತಾರೆ. ನಾವು ಮಾತಾಡುವಾಗ ದನಿಯ ಕೆಳಗೆ ಸೆಟ್ ಒಂದು ಸಣ್ಣ ಗುಂಯ್‌ಗುಡುವ ಸ್ವರವನ್ನೂ ಸೇರಿಸಿ ಕಳಿಸುತ್ತದೆ. ಸುಮಾರು 67ರಿಂದ 254 ಹರ್ಟ್ಸ್‌ವರೆಗಿನ ಸ್ವರ ಅದು. ಎದುರಿನ ಸೆಟ್ಟು ಸ್ಪೀಕರ್‌ಗೆ ಬಿಡುವ ಮೊದಲು ಅದನ್ನು ಸೋಸಿ ತೆಗೆಯುವುದರಿಂದ ನಮ್ಮ ಕಿವಿಗೆ ಬೀಳುವುದಿಲ್ಲ. ಕೋಡ್ ಹಾಕಿಕೊಂಡ ಸೆಟ್ಟು ತನ್ನ ಸ್ವರ ಬಂದರೆ ಮಾತ್ರ ಬಾಯಿ ತೆರೆಯುತ್ತದೆ. ಈ ಹುಡುಗನದು 12, ಉಳಿದವರದೆಲ್ಲ 0. ಸೊನ್ನೆ ಅಂದರೆ ಯಾವ ಸ್ವರವನ್ನೂ ಕೇಳದೆ ಎಲ್ಲವನ್ನೂ ಕೇಳಿಸುವುದು. ಹಾಗಾಗಿ ಇವನ ಮಾತು ಅವರಿಗೆ ಹೋಗುತ್ತಿತ್ತು. ಅವರ ಮಾತು ಇವನ ಸೆಟ್ಟಿನ ಬಾಗಿಲವರೆಗೆ ಬಂದು ವಾಪಸ್ ಹೋಗುತ್ತಿತ್ತು. 12 ಇದ್ದದ್ದನ್ನು 0 ಮಾಡಿ ಕೊಟ್ಟೆ. ಇದಕ್ಕೆ ಎಂಟು ವಾಟ್ ಅಲ್ಲ, ಎಂಬತ್ತು ವಾಟ್ ತಂದರೂ ಏನೂ ಆಗುತ್ತಿರಲಿಲ್ಲ.

ಇನ್ನೊಂದು. ಈ ಕೋಡನ್ನು ಪೆಟ್ಟಿಗೆಯ ಮೇಲೆ 'ಪ್ರೈವಸಿ ಕೋಡ್' ಅಂತ ಬರೆದು ಮಾರುತ್ತಾರೆ. ಅದು ಬೇರೆಯವರ ಮಾತು ನಿಮ್ಮ ಕಿವಿಗೆ ಬೀಳದಂತೆ ತಡೆಯುತ್ತದೆ, ಅಷ್ಟೇ. ನಿಮ್ಮ ಮಾತು ಆ ಚಾನೆಲ್‌ನಲ್ಲಿ ಸೊನ್ನೆ ಇಟ್ಟುಕೊಂಡ ಎಲ್ಲರಿಗೂ ಕೇಳುತ್ತದೆ. ಹುಂಡಿ ದುಡ್ಡು ಯಾವ ಕೋಣೆಯಲ್ಲಿದೆ ಅಂತೆಲ್ಲ ಅದರಲ್ಲಿ ಮಾತಾಡಬೇಡಿ.

ಪವರ್ ಪವರ್ ಅಂತ ಕುಣಿಯುವವರು ಒಂದು ಲೆಕ್ಕ ಹಾಕಿ ನೋಡಲಿ. ಅರ್ಧ ವಾಟ್ ಬಿಟ್ಟು 5 ವಾಟ್ ತಗೊಂಡರೆ ಪವರ್ 10 ಪಟ್ಟಾಯಿತು. ದೂರ? ಏನೂ ಅಡ್ಡವಿಲ್ಲದ ಬಯಲಲ್ಲಿ ಹೆಚ್ಚೆಂದರೆ 3 ಪಟ್ಟು, ಅದರ ಮೇಲೆ ಚೂರು. ನಡುವೆ ಕಲ್ಲಿನ ಗೋಪುರ, ಆರ್‌ಸಿಸಿ ಮನೆ, ಒಂದು ದಿಬ್ಬ ಬಂತೋ, ಅದೂ ಇಲ್ಲ. ಈ ಫ್ರೀಕ್ವೆನ್ಸಿಗಳು ಹೆಚ್ಚುಕಮ್ಮಿ ಕಣ್ಣಿನ ದಾರಿಯಲ್ಲೇ ಹೋಗುತ್ತವೆ. ನೆಲದ ಮೇಲೆ ನಿಂತು ಒಂದೂವರೆ ಮೀಟರ್ ಎತ್ತರದಲ್ಲಿ ಸೆಟ್ ಹಿಡಿದವನ ರೇಡಿಯೋ ಕ್ಷಿತಿಜ, ಅಂದರೆ ಸಿಗ್ನಲ್ ನೇರವಾಗಿ ನೆಲ ಮುಟ್ಟುವ ದೂರ, ಸುಮಾರು 5 ಕಿ.ಮೀ. ಅವನೇ 20 ಮೀಟರ್ ಎತ್ತರದ ಬಂಡೆ ಹತ್ತಿದರೆ ಸುಮಾರು 19 ಕಿ.ಮೀ. ಎತ್ತರಕ್ಕೆ ದುಡ್ಡೂ ಬೇಡ, ಲೈಸೆನ್ಸೂ ಬೇಡ! ನಮ್ಮೂರ ಶಾಲೆಯ ತಾರಸಿ ಮೇಲೆ ಒಬ್ಬ ಹುಡುಗನನ್ನು ನಿಲ್ಲಿಸಿ, ಆಚೆಯ ಮಾತು ಈಚೆಗೆ ದಾಟಿಸು ಅಂದರೆ ಇಡೀ ಜಾತ್ರೆ ಅರ್ಧ ವಾಟಿನಲ್ಲಿ ನಡೆಯುತ್ತದೆ. ಇದನ್ನು ಮಾವನಿಗೆ ಹೇಳಿದೆ. "ಅಷ್ಟೊಂದು ಯಾರು ಮಾಡ್ತಾರೆ, ಪವರ್ ಜಾಸ್ತಿ ಇದ್ರೆ ಆಯ್ತಲ್ಲ" ಅಂದರು. ಮತ್ತೆ ಅದೇ!

ಸೆಟ್ ಸೊಂಟಕ್ಕೆ ಸಿಕ್ಕಿಸಿಕೊಂಡು ಕೇಳಿಸಲ್ಲ ಅನ್ನುವವರಿದ್ದಾರೆ. ನಮ್ಮ ಮೈಯೇ ಸಿಗ್ನಲ್ ನುಂಗುತ್ತದೆ. ಕೈಗೆ ತಗೊಂಡು ಮುಖದ ಮಟ್ಟಕ್ಕೆ ಎತ್ತಿ, ಆಂಟೆನಾ ನೆಟ್ಟಗಿರಲಿ. ಇಬ್ಬರು ಒಬ್ಬರ ಪಕ್ಕ ಒಬ್ಬರು ನಿಂತು ಟೆಸ್ಟ್ ಮಾಡಿ 'ಕೀಂ' ಅನ್ನುತ್ತೆ, ಕೆಟ್ಟಿದೆ ಅನ್ನುತ್ತಾರೆ. ಅಷ್ಟು ಹತ್ತಿರದಲ್ಲಿ ಒಂದರ ಸ್ಪೀಕರ್ ಸದ್ದು ಇನ್ನೊಂದರ ಮೈಕಿಗೆ ನುಗ್ಗುತ್ತದೆ, ರಿಸೀವರ್‌ಗೂ ಸಿಗ್ನಲ್ ಅತಿಯಾಗುತ್ತದೆ. ಐವತ್ತು ಅರವತ್ತು ಹೆಜ್ಜೆ ದೂರ ಹೋಗಿ ನೋಡಿ. ಇಡೀ ದಿನ ಚೆನ್ನಾಗಿ ಕೇಳಿಸಿ, ಮಾತಾಡಲು ಬಟನ್ ಒತ್ತಿದ ತಕ್ಷಣ ಆಫ್ ಆಗುವ ಸೆಟ್ಟಿಗೆ ಬ್ಯಾಟರಿ ಹಳತಾಗಿದೆ, ಅಥವಾ ಅದರ ಹಿತ್ತಾಳೆ ಕಡ್ಡಿಗಳಿಗೆ ಕಿಲುಬು ಹಿಡಿದಿದೆ. ಕೇಳಿಸಲು ಬೇಕಾಗುವ ಕರೆಂಟು ಸ್ವಲ್ಪ, ಕಳಿಸಲು ಬೇಕಾಗುವುದು ಅದರ ಹಲವು ಪಟ್ಟು. ಪೆನ್ಸಿಲ್ ರಬ್ಬರ್‌ನಿಂದ ತಿಕ್ಕಿ ಒರೆಸಿ, ಎಷ್ಟೋ ಸಲ ಅಷ್ಟೇ ಸಾಕು.

ಇವೆಲ್ಲಕ್ಕಿಂತ ನನಗೆ ಭಯ ಹುಟ್ಟಿಸುವುದು ಬಟನ್ ಒತ್ತುವ ರೀತಿ. ಒತ್ತಿದ ಕೂಡಲೇ ಮಾತು ಶುರು ಮಾಡುತ್ತಾರೆ, ಮಾತು ಮುಗಿಯುವ ಮೊದಲೇ ಬೆರಳು ಬಿಡುತ್ತಾರೆ. ಬ್ಯಾಟರಿ ಉಳಿಸಲು ನಿದ್ದೆಯಲ್ಲಿರುವ ಎದುರಿನ ಸೆಟ್ಟು ಎದ್ದು, ಟೋನ್ ಗುರುತಿಸುವಷ್ಟರಲ್ಲಿ ಮೊದಲ ಪದ ಹೋಗಿರುತ್ತದೆ. ಬೆರಳು ಬೇಗ ಬಿಟ್ಟರೆ ಕೊನೆಯದೂ ಹೋಗುತ್ತದೆ. ನಾವು ಬೇಡ ಅನ್ನುವುದು ಮಾತಿನ ಕೊನೆಯಲ್ಲಿ ಅಲ್ವಾ? "ಎಳೀಬೇಡಿ" ಅಂತ ಇವನು ಕೂಗಿದರೆ ಅಲ್ಲಿ "ಎಳೀ" ಅಂತ ಕೇಳುತ್ತದೆ. ತೇರಿನ ಗಾಲಿಗೆ ಮರದ ಅಡೆ ಕೊಡುವವರು ಬಗ್ಗಿ ಕೂತಿರುತ್ತಾರೆ ಸ್ವಾಮಿ. ಬಟನ್ ಒತ್ತಿ, ಒಂದು ಉಸಿರು ನಿಂತು, ಮಾತಾಡಿ, ಪೂರ್ತಿ ಮುಗಿದ ಮೇಲೆ ಬಿಡಿ. 'ನಿಲ್ಲಿಸಿ' ಅಂತ ಮಾತ್ರ ಹೇಳಿ, ಎರಡು ಸಲ ಹೇಳಿ. ಹುಡುಗರಿಗೆ ನಿನ್ನೆ ಇಷ್ಟನ್ನಾದರೂ ಕಲಿಸಿ ಬಂದೆ.

ಈಗ ಕಾನೂನಿನ ಮಾತು. ನಮ್ಮ ದೇಶದಲ್ಲಿ 1933ರ ವೈರ್‌ಲೆಸ್ ಟೆಲಿಗ್ರಾಫಿ ಕಾಯ್ದೆಯ ಕಾಲದಿಂದಲೂ ಇಂಥ ಸೆಟ್ ಬಳಸುವುದಕ್ಕಷ್ಟೇ ಅಲ್ಲ, ಇಟ್ಟುಕೊಳ್ಳುವುದಕ್ಕೇ ಲೈಸೆನ್ಸ್ ಬೇಕು. 2023ರ ಟೆಲಿಕಮ್ಯುನಿಕೇಷನ್ಸ್ ಕಾಯ್ದೆಯಲ್ಲೂ ಅದೇ ಧೋರಣೆ ಇದೆ. ಇದಕ್ಕೆ ಕೆಲವು ವಿನಾಯಿತಿಗಳಿವೆ. 446.0ರಿಂದ 446.2 ಮೆಗಾಹರ್ಟ್ಸ್‌ನ ಕಡಿಮೆ ಪವರ್ ಸೆಟ್‌ಗಳಿಗೆ 2018ರ ನಿಯಮಗಳಲ್ಲಿ ಬಿಡುಗಡೆ ಸಿಕ್ಕಿದೆ. 27 ಮೆಗಾಹರ್ಟ್ಸ್ ಹತ್ತಿರದ ಸಿಟಿಜನ್ ಬ್ಯಾಂಡಿಗೆ 2005ರಲ್ಲೇ ಸಿಕ್ಕಿತ್ತು, 5 ವಾಟ್‌ವರೆಗೆ. 865 ಮೆಗಾಹರ್ಟ್ಸ್ ಆಸುಪಾಸಿಗೂ ಅದೇ ವರ್ಷ ಸಿಕ್ಕಿತು. ವಿನಾಯಿತಿ ಇದ್ದರೂ ಸೆಟ್ಟಿನ ಮಾದರಿಗೆ ಇಟಿಎ ಅನ್ನುವ ಒಪ್ಪಿಗೆ ಇರಬೇಕು. ಆನ್‌ಲೈನ್‌ನಲ್ಲಿ ಸಿಗುವ ಆ 136ರಿಂದ 174, 400ರಿಂದ 520 ಮೆಗಾಹರ್ಟ್ಸ್‌ವರೆಗೆ ಎಲ್ಲಿ ಬೇಕಾದರೂ ಮಾತಾಡುವ ಐದು, ಎಂಟು ವಾಟಿನ ಸೆಟ್‌ಗಳು ಈ ವಿನಾಯಿತಿಯೊಳಗೆ ಬರುವುದೇ ಇಲ್ಲ. 'ನಾನು ಅದರಲ್ಲಿ 446 ಮಾತ್ರ ಇಟ್ಟುಕೊಂಡಿದ್ದೀನಿ' ಅಂದರೂ ಬರಲ್ಲ.

'ಆನ್‌ಲೈನಲ್ಲಿ ರಾಜಾರೋಷವಾಗಿ ಮಾರ್ತಾರಲ್ಲ?' ಮಾರುತ್ತಿದ್ದರು, ನಿಜ. ಅದಕ್ಕೇ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2025ರ ಮೇ ತಿಂಗಳಲ್ಲಿ ಮಾರಾಟ ತಾಣಗಳಿಗೆ ನೋಟಿಸ್ ಕೊಟ್ಟು, ಆಮೇಲೆ ಮಾರ್ಗಸೂಚಿಯನ್ನೇ ಹೊರಡಿಸಿತು. ಯಾವ ಫ್ರೀಕ್ವೆನ್ಸಿ, ಇಟಿಎ ಇದೆಯಾ, ಎಲ್ಲ ಹೇಳಿಯೇ ಮಾರಬೇಕು ಅಂತ. ಕೊಳ್ಳುವವರಿಗೆ ಲೈಸೆನ್ಸ್ ವಿಷಯ ತಿಳಿಸದೆ ಮಾರಿದವರ ಮೇಲೆ ನನಗೆ ಮಾವನ ಮೇಲಿಗಿಂತ ಹೆಚ್ಚು ಸಿಟ್ಟಿದೆ.

ಅಮೆರಿಕದಿಂದ ಮಕ್ಕಳು ತಂದುಕೊಡುವ ಜೋಡಿ ಸೆಟ್‌ಗಳದ್ದೂ ಒಂದು ತೊಂದರೆ. ಅಲ್ಲಿ ಮನೆಮಂದಿ ಬಳಸುವ ವಾಕಿಟಾಕಿಗಳಲ್ಲಿ ಎರಡು ಬಗೆ. ಕಡಿಮೆ ಪವರಿನ ಎಫ್‌ಆರ್‌ಎಸ್‌ಗೆ ಲೈಸೆನ್ಸೇ ಬೇಡ. ಹೆಚ್ಚು ಪವರಿನ ಜಿಎಂಆರ್‌ಎಸ್‌ಗೆ 35 ಡಾಲರ್ ಕಟ್ಟಿದರೆ 10 ವರ್ಷ, ಇಡೀ ಕುಟುಂಬಕ್ಕೆ. ಆದರೆ ಅವು ಕೆಲಸ ಮಾಡುವುದು 462 ಮತ್ತು 467 ಮೆಗಾಹರ್ಟ್ಸ್‌ನಲ್ಲಿ. ನಮ್ಮ ವಿನಾಯಿತಿ ಇರುವುದು 446ರಲ್ಲಿ. ಡಾಲಸ್‌ನಲ್ಲಿ ಆಟದ ಸಾಮಾನಾಗಿದ್ದದ್ದು ಹಾಸನದಲ್ಲಿ ಲೈಸೆನ್ಸ್ ಇಲ್ಲದ ರೇಡಿಯೋ. ದಯವಿಟ್ಟು ತರಬೇಡಿ ಅಂತ ಅಲ್ಲಿರುವ ನನ್ನ ಸ್ನೇಹಿತರಿಗೆಲ್ಲ ಹೇಳುತ್ತಲೇ ಇದ್ದೇನೆ.

'ದೇವರ ಕೆಲಸ, ಒಂದು ದಿನ, ಯಾರಿಗೇನು ತೊಂದರೆ? ಅಷ್ಟು ಜನ ಸೇರಿದಾಗ ಮೊಬೈಲೂ ಸಿಗಲ್ಲ' ಅನ್ನುತ್ತಾರೆ. ಮೊಬೈಲ್ ಸಿಗಲ್ಲ ಅನ್ನುವುದು ನಿಜ, ಅದಕ್ಕೇ ಅರ್ಧ ವಾಟಿನದು ಇರೋದು. ಲೈಸೆನ್ಸ್ ಅರ್ಜಿ ಸರಾಗವಾಗಿಲ್ಲ, ಸಾಮಾನ್ಯ ಸಂಸ್ಥೆಗಳಿಗೆ ಅದು ತಲೆನೋವು ಅನ್ನುವುದನ್ನೂ ಒಪ್ಪುತ್ತೇನೆ. ಆದರೆ ಯಾರಿಗೇನು ತೊಂದರೆ ಅನ್ನುವುದನ್ನು ಒಪ್ಪಲ್ಲ. ಆ ಐದು, ಎಂಟು ವಾಟಿನ ಸೆಟ್‌ಗಳು ಮುಟ್ಟುವ ಫ್ರೀಕ್ವೆನ್ಸಿಗಳಲ್ಲಿ ಪೊಲೀಸರಿದ್ದಾರೆ, ಅಗ್ನಿಶಾಮಕದವರಿದ್ದಾರೆ, ಅರಣ್ಯ ಇಲಾಖೆಯಿದೆ. ಸಮುದ್ರದಲ್ಲಿ ಅಪಾಯದ ಕರೆಗೆ ಮೀಸಲಾದ 16ನೇ ಚಾನೆಲ್ಲು, 156.8 ಮೆಗಾಹರ್ಟ್ಸ್, ಅದೂ ಈ ಅಗ್ಗದ ಸೆಟ್ಟಿನ ಕೈಗೆ ಸಿಗುತ್ತದೆ. ಎರಡು ಮೈಕ್ ಒಟ್ಟಿಗೆ ಕೂಗಿದರೆ ಸಂತೆಯಲ್ಲಿ ಎರಡೂ ಕಲಸಿ ಕೇಳುತ್ತವೆ. ಈ ವಾಕಿಟಾಕಿಗಳಂಥ ಎಫ್‌ಎಂ ಸೆಟ್ಟಿನಲ್ಲಿ ಹಾಗಲ್ಲ. ಬಲವಾದ ಸಿಗ್ನಲ್ ದುರ್ಬಲವಾದದ್ದನ್ನು ಪೂರ್ತಿ ಮುಚ್ಚಿಹಾಕುತ್ತದೆ. ಮುಚ್ಚಿಹೋದವನಿಗೆ ತನ್ನ ಮಾತು ಹೋಗಿಲ್ಲ ಅನ್ನುವುದೂ ಗೊತ್ತಾಗುವುದಿಲ್ಲ. ಹತ್ತಿರದಲ್ಲಿ ಎಂಟು ವಾಟಿನ ಸೆಟ್ಟೊಂದರ ಬಟನ್ ಜೇಬಲ್ಲಿ ಒತ್ತಿಕೊಂಡೇ ಉಳಿದರೆ, ದೂರದಿಂದ ಸಹಾಯ ಕೇಳುತ್ತಿರುವವನ ದನಿ ಇಲ್ಲವೇ ಇಲ್ಲ. ಪವರ್ ಜಾಸ್ತಿ ಮಾಡಿದಷ್ಟೂ ಇದು ಜಾಸ್ತಿ.

ಕೊನೆಗೆ ಮಾವ ಹೇಳಿದ್ದು: "ನಿನ್ನ ಹತ್ರ ಹ್ಯಾಮ್ ಲೈಸೆನ್ಸ್ ಇದೆಯಲ್ಲಪ್ಪ, ಅದರಲ್ಲೇ ನಡೆಸಿಬಿಡು." ಮಾವ, ಆಗಲ್ಲ. ಹ್ಯಾಮ್ ಅಂದರೆ ಹವ್ಯಾಸಿ ರೇಡಿಯೋ, ಅದರ ಲೈಸೆನ್ಸ್ ನನ್ನೊಬ್ಬನಿಗೆ ಸೇರಿದ್ದು. ನಮಗೆ ಕೊಟ್ಟಿರುವ 144–146, 434–438 ಮೆಗಾಹರ್ಟ್ಸ್‌ನಲ್ಲಿ ಆ ಕಡೆ ಮಾತಾಡುವವರಿಗೂ ಲೈಸೆನ್ಸ್ ಇರಬೇಕು. ಪರವಾನಗಿ ಇಲ್ಲದ ಇಪ್ಪತ್ತು ಹುಡುಗರ ಕೈಗೆ ಅದನ್ನು ಹಂಚುವ ಅಧಿಕಾರ ನನಗಿಲ್ಲ. ಈ ಲೈಸೆನ್ಸ್ ಬರುವವರೆಗೆ ಹಿರಿಯ ಹ್ಯಾಮ್ ಒಬ್ಬರ ಮನೆಯಲ್ಲಿ ಸುಮ್ನೆ ಕೂತು ಕೇಳಿಸಿಕೊಳ್ಳುತ್ತಿದ್ದೆ. ಅಪ್ಪ ತೀರಿಕೊಂಡ ವರ್ಷ ಅದು. ಆ ಮನೆಯ ರೇಡಿಯೋದಲ್ಲಿ ಗುರುತಿಲ್ಲದ ಊರಿನವರು ಒಬ್ಬರ ಮಾತು ಮುಗಿಯುವವರೆಗೆ ಇನ್ನೊಬ್ಬರು ಕಾಯುತ್ತಿದ್ದ ರೀತಿ ನನ್ನನ್ನು ಎತ್ತಿ ನಿಲ್ಲಿಸಿತು. 2004ರ ಸುನಾಮಿಯ ದಿನ ಅಂಡಮಾನ್‌ನ ಪೋರ್ಟ್ ಬ್ಲೇರ್‌ನಲ್ಲಿ ಭಾರತಿ ಪ್ರಸಾದ್ ಅವರ ಹ್ಯಾಮ್ ತಂಡ ಇತ್ತು. ಫೋನ್‌ಗಳು ಸತ್ತಾಗ ದ್ವೀಪಗಳ ಸುದ್ದಿಯನ್ನು ಹೊರಗೆ ದಾಟಿಸಿದವರಲ್ಲಿ ಅವರೂ ಒಬ್ಬರು. ಅಂಥ ಹೊತ್ತಿನಲ್ಲಿ ಬೇರೆಯವರು ಆ ಫ್ರೀಕ್ವೆನ್ಸಿಯನ್ನು ಬಿಟ್ಟುಕೊಟ್ಟು ಮೌನವಾಗಿ ಕೇಳಬೇಕೇ ಹೊರತು ಪವರ್ ಏರಿಸಿ ಮಧ್ಯೆ ನುಗ್ಗಬಾರದು ಅನ್ನುವುದು ನಾವು ಮೊದಲು ಕಲಿಯುವ ಪಾಠ. ಆ ಶಿಸ್ತನ್ನು ಯಾರೋ ಕೇಳಿದರು ಅಂತ ಬಿಡುವುದಕ್ಕೆ ನನ್ನಿಂದಾಗಲ್ಲ.

ನಮ್ಮೂರ ಸಮಿತಿಯವರು ಇದನ್ನು ಓದುತ್ತಾರೆ ಅಂತ ಗೊತ್ತು. ಇರುವ ಸೆಟ್‌ಗಳನ್ನೇ ಇಟ್ಟುಕೊಳ್ಳಿ. ಎಲ್ಲದರಲ್ಲೂ ಚಾನೆಲ್ ಒಂದೇ, ಕೋಡ್ ಸೊನ್ನೆ ಮಾಡಿ, ಬ್ಯಾಟರಿಗೆ ಟೇಪ್ ಅಂಟಿಸಿ ಕೊಂಡ ವರ್ಷ ಬರೆಯಿರಿ. ಹಿಂದಿನ ಸಂಜೆ ನಾನೇ ಬಂದು ಕೂರುತ್ತೇನೆ. ಹುಡುಗರಿಗೆ ಇನ್ನೂ ದೂರ ಮಾತಾಡುವ ಆಸೆ ಇದ್ದರೆ 12 ವರ್ಷ ತುಂಬಿದ ಯಾರಾದರೂ ಹ್ಯಾಮ್ ಪರೀಕ್ಷೆ ಬರೆಯಬಹುದು. ಅರ್ಜಿ ದೂರಸಂಪರ್ಕ ಇಲಾಖೆಯ ಸರಳ್ ಸಂಚಾರ್ ಪೋರ್ಟಲ್‌ನಲ್ಲಿ. ಕೆಳಗಿನ ದರ್ಜೆಗೆ ಚುಕ್ಕೆ-ಗೆರೆಗಳ ಮೋರ್ಸ್ ಸಂಕೇತ ಬೇಕಿಲ್ಲ, ಸ್ವಲ್ಪ ಎಲೆಕ್ಟ್ರಾನಿಕ್ಸ್, ಸ್ವಲ್ಪ ನಿಯಮ ಓದಿದರೆ ಸಾಕು. ಭಾನುವಾರ ಬೆಳಿಗ್ಗೆ ನಮ್ಮ ಮನೆ ಜಗಲಿಯಲ್ಲಿ ಪಾಠ ಮಾಡುತ್ತೇನೆ, ಫೀಸ್ ಇಲ್ಲ. ಬರುವವರು ಇನ್‌ಬಾಕ್ಸ್‌ಗೆ ಒಂದು ಮಾತು ಹಾಕಿ.