ಎಲ್‌ಇಡಿ ಟಿವಿಯಲ್ಲಿ ಎಲ್‌ಸಿಡಿ ಇಲ್ಲವೇ? ಖಂಡಿತ ಇದೆ

‘ಎಲ್‌ಸಿಡಿ ಹಳೇ ಕಾಲದ್ದು, ಎಲ್‌ಇಡಿ ಟಿವಿಯಲ್ಲಿ ಪುಟ್ಟ ಬಲ್ಬುಗಳೇ ಚಿತ್ರ ಮೂಡಿಸುತ್ತವೆ, ಕ್ಯೂಎಲ್‌ಇಡಿ, ಓಎಲ್‌ಇಡಿ ಎರಡೂ ಒಂದೇ’ ಎಂಬ ಸಂದೇಶ ಮಂಡ್ಯದ ನಮ್ಮ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಓಡಾಡುತ್ತಿದೆ. ಈ ಮೂರು ಮಾತೂ ತಪ್ಪು.

ಎಲ್‌ಇಡಿ ಎಂದು ಮಾರುವ ಟಿವಿಯಲ್ಲಿ ಚಿತ್ರ ಮೂಡುವುದು ಎಲ್‌ಸಿಡಿ ಪ್ಯಾನೆಲ್ (ದ್ರವ ಹರಳಿನ ಪರದೆ) ಮೇಲೇ. ಅದಕ್ಕೆ ಸ್ವಂತ ಬೆಳಕಿಲ್ಲ. ಮೊದಲು ಹಿಂದಿನಿಂದ ಸಣ್ಣ ಟ್ಯೂಬುಗಳು ಬೆಳಕು ಕೊಡುತ್ತಿದ್ದವು, ಈಗ ಆ ಜಾಗಕ್ಕೆ ಎಲ್‌ಇಡಿ ಪಟ್ಟಿ ಬಂದಿದೆ, ಅಷ್ಟೇ. ನಂಬಿಕೆ ಬರದಿದ್ದರೆ ರಿಪೇರಿ ಅಂಗಡಿಯಲ್ಲಿ ನೋಡಿ: ಸದ್ದು ಬಂದರೂ ಪರದೆ ಕಪ್ಪಾಗಿರುವ ಟಿವಿಗೆ ಮೊಬೈಲ್ ಟಾರ್ಚ್ ಹತ್ತಿರ ಹಿಡಿದರೆ, ಎಷ್ಟೋ ಸಲ ಚಿತ್ರ ಮಸುಕಾಗಿ ಓಡುತ್ತಿರುತ್ತದೆ. ಕೆಟ್ಟಿರುವುದು ಹಿಂದಿನ ದೀಪ.

ಕ್ಯೂಎಲ್‌ಇಡಿಯೂ ಎಲ್‌ಸಿಡಿಯೇ, ಬಣ್ಣಕ್ಕಾಗಿ ಕ್ವಾಂಟಮ್ ಡಾಟ್ ಎಂಬ ಅತಿ ಸಣ್ಣ ಕಣಗಳ ಪದರ ಹೆಚ್ಚುವರಿ. ಓಎಲ್‌ಇಡಿಯಲ್ಲಿ ಮಾತ್ರ ಒಂದೊಂದು ಚುಕ್ಕಿಯೂ ತಾನೇ ಬೆಳಗುತ್ತದೆ (ಬೆಲೆಯೂ ಹಾಗೇ ಕಣ್ಣು ಕುಕ್ಕುತ್ತದೆ).

ಕಡಿಮೆ ಬಜೆಟ್ಟಿನವರು ಕೇಳಬೇಕಾದ್ದು ಎಲ್‌ಸಿಡಿ ಪ್ಯಾನೆಲ್ ವಿಎ ಬಗೆಯದೋ ಐಪಿಎಸ್ ಬಗೆಯದೋ ಅಂತ. ಜಂಬೂಸವಾರಿ ನೋಡಲು ಮನೆ ತುಂಬ ನೆಂಟರು ಕೂತಾಗ ಪಕ್ಕದಲ್ಲಿದ್ದವರಿಗೆ ಬಣ್ಣ ಬಿಳಿಚಿಕೊಂಡರೆ ಅದು ವಿಎ ಇರಬಹುದು. ಐಪಿಎಸ್‌ನಲ್ಲಿ ಆ ಕಾಟ ಕಡಿಮೆ, ಆದರೆ ಕತ್ತಲಲ್ಲಿ ಕಪ್ಪು ಬಣ್ಣ ಬೂದಿ ಬೂದಿಯಾಗಿ ಕಾಣುತ್ತದೆ. ಅಂಗಡಿಯಲ್ಲೇ ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದು ನೋಡಿಬಿಡಿ.