ಎಣ್ಣೆಗೂ ಉಷ್ಣ ಆಗುತ್ತೆ

ನಮ್ಮಮ್ಮನ ವೈದ್ಯಶಾಸ್ತ್ರದಲ್ಲಿ ಕಾಯಿಲೆಗಳು ಎರಡೇ: ಉಷ್ಣ ಮತ್ತು ಶೀತ. ಬಾಯಿಹುಣ್ಣು, ಕಣ್ಣುರಿ, ಮೊಡವೆ, ಸೊಸೆಯ ಮೌನ, ಎಲ್ಲ ಉಷ್ಣದ ಖಾತೆಗೆ. ಹಾಗಾಗಿ ನನ್ನ ಭಾಮೈದ ಊಟದ ಮಧ್ಯೆ, "ಭಾವ, ನಿಮ್ಮ ಕಾರಿನ ಎಂಜಿನ್ ಆಯಿಲ್ ವಿಪರೀತ ಬಿಸಿಯಾಗ್ತಿದೆ" ಅಂದಾಗ ಮೊದಲು ತಲೆಯಾಡಿಸಿದ್ದು ಅಮ್ಮನೇ. "ಆಗ್ದೆ ಏನು, ದಿನಾ ಬಿಸಿಲಲ್ಲೇ ನಿಲ್ಸಿರ್ತಾನೆ. ಏನಾದ್ರೂ ತಂಪಿಗೆ ಮಾಡ್ರೋ."

ಕಾರಿಗೆ ಇದೇನೂ ಹೊಸ ಕಾಯಿಲೆಯಲ್ಲ. ಹೊಸದಾಗಿ ಬಂದದ್ದು ಮೀಟರು. ಆಯಿಲ್ ಎಷ್ಟು ಬಿಸಿಯಿದೆ ಅಂತ ತೋರಿಸುವ ಒಂದು ದುಂಡನೆಯ ಮೀಟರನ್ನು ಭಾಮೈದನೇ ತಂದು ಸ್ಟೀರಿಂಗ್ ಪಕ್ಕ ಕೂರಿಸಿದ್ದ. ಮನೆಗೆ ಬಿ.ಪಿ. ಮಿಷನ್ ಬಂದ ದಿನದಿಂದ ಮನೆಮಂದಿಗೆಲ್ಲ ಬಿ.ಪಿ. ಬರುತ್ತದಲ್ಲ, ಹಾಗಾಯಿತು ನಮ್ಮ ಕಾರಿನ ಕಥೆ. ಅಮ್ಮನನ್ನು ನರಸಿಂಹಸ್ವಾಮಿ ದರ್ಶನಕ್ಕೆ ಕರೆದುಕೊಂಡು ದೇವರಾಯನದುರ್ಗ ಹತ್ತುತ್ತಿದ್ದಾಗ ಸೂಜಿ 115 ಡಿಗ್ರಿ ಮುಟ್ಟಿತು. ಭಾಮೈದ ತಿರುವಿನಲ್ಲೇ ಗಾಡಿ ನಿಲ್ಲಿಸಿಬಿಟ್ಟ. ಬಾನೆಟ್ ಎತ್ತಿ ನಾವು ಒಳಗೆ ಇಣುಕುವಷ್ಟರಲ್ಲಿ ಕೋತಿಗಳು ವೈಪರ್‌ನ ರಬ್ಬರನ್ನು ಕಿತ್ತು ನೋಡುತ್ತಿದ್ದವು.

ಎಂಜಿನ್ ತಣಿಸುವ ನೀರಿನ ಬಿಸಿ ತೋರಿಸುವ ಸೂಜಿ ಮಾತ್ರ ಎಂದಿನಂತೆ ನಡುಮಧ್ಯದಲ್ಲಿ ತಣ್ಣಗೆ ಕೂತಿತ್ತು. ಈಗಿನ ಎಂಜಿನ್ ಆಯಿಲ್‌ಗೆ 90ರಿಂದ 110 ಡಿಗ್ರಿ ಹಿತವಾದ ಬಿಸಿ. ಸೆಕೆಂಡ್ ಗೇರಿನಲ್ಲಿ ಬೆಟ್ಟ ಹತ್ತುವಾಗ 115 ಆದರೆ ಅಪರಾಧವೇನಲ್ಲ. 130 ದಾಟಿ ಅಲ್ಲೇ ನಿಂತರೆ ಆಗ ಯೋಚನೆ ಮಾಡಬೇಕು. ರೇಸ್ ಓಡಿಸುವವರಿಗೆ, ಟರ್ಬೊ ಹಾಕಿ ಜಗ್ಗುವವರಿಗೆ, ಬರೀ ಗಾಳಿಗೆ ಮೈಯೊಡ್ಡಿ ತಣಿಯುವ ಬೈಕಿನ ಎಂಜಿನ್ನಿಗೆ ಎಣ್ಣೆ ತಣಿಸುವ ಆಯಿಲ್ ಕೂಲರ್ ಬೇಕು, ಒಪ್ಪೋಣ. ತುಮಕೂರಿನ ಎಸ್.ಎಸ್. ಪುರಂನಿಂದ ಮಕ್ಕಳ ಶಾಲೆಗೆ, ಶಾಲೆಯಿಂದ ತರಕಾರಿ ಅಂಗಡಿಗೆ ಹೋಗಿಬರುವ ಹಳೇ ಪೆಟ್ರೋಲ್ ಕಾರಿಗೆ ಯಾಕೆ? ಈ ಪ್ರಶ್ನೆ ನಾನು ಕೇಳಿದೆ. ಭಾಮೈದ ಕೇಳಿಸಿಕೊಳ್ಳಲಿಲ್ಲ, ಯಾಕೆಂದರೆ ಅಷ್ಟರಲ್ಲಾಗಲೇ ಕೂಲರ್ ಆರ್ಡರ್ ಮಾಡಿಯಾಗಿತ್ತು.

ಕೊರಿಯರ್‌ನಲ್ಲಿ ಬಂದ ಡಬ್ಬದಲ್ಲಿ ಪುಟ್ಟ ರೇಡಿಯೇಟರ್‌ನಂಥ ಅಲ್ಯೂಮಿನಿಯಂ ಕೂಲರ್, ದಪ್ಪ ಬಿಲ್ಲೆಯಂಥ ಒಂದು ಪ್ಲೇಟ್, ಎರಡು ಹೋಸ್ ಇದ್ದವು. ಆ ಪ್ಲೇಟಿಗೆ ಸ್ಯಾಂಡ್‌ವಿಚ್ ಪ್ಲೇಟ್ ಅಂತಾರೆ. ಎಂಜಿನ್ ಮತ್ತು ಆಯಿಲ್ ಫಿಲ್ಟರ್ ನಡುವೆ ಕೂರುತ್ತೆ. ಎಣ್ಣೆಯನ್ನು ಅಲ್ಲಿಂದ ಮುಂದಿನ ಕೂಲರ್‌ಗೆ ಕಳಿಸಿ, ಗಾಳಿ ಕುಡಿಸಿ, ವಾಪಸ್ ಕರೆಸಿಕೊಳ್ಳುತ್ತೆ. ಓದಿದರೆ ಎಷ್ಟು ಸಲೀಸು! ಭಾನುವಾರ ಬೆಳಿಗ್ಗೆ ಕೆಲಸ ಶುರು. ನನ್ನ ಪಾಲಿಗೆ ಬಂದದ್ದು ಟಾರ್ಚ್ ಹಿಡಿಯುವ ಹುದ್ದೆ. ಟಾರ್ಚ್ ಹಿಡಿದವನು ಎಲ್ಲಿ ಹಿಡಿದರೂ ಅದು ತಪ್ಪು ಜಾಗವೇ ಆಗಿರುತ್ತದೆ, ಇದು ಎಲ್ಲ ರಿಪೇರಿಗಳಿಗೂ ಅನ್ವಯ.

ಬಂಪರ್ ಬಿಚ್ಚಿದಾಗ ಪ್ಲಾಸ್ಟಿಕ್ ಕ್ಲಿಪ್ಪುಗಳು ಒಂದಾದ ಮೇಲೊಂದು ಪಟ್ ಪಟ್ ಅಂತ ಪ್ರಾಣ ಬಿಟ್ಟವು. ಎ.ಸಿ. ಕಂಡೆನ್ಸರ್ ಮುಂದೆ ಕೂಲರ್ ಕೂತಿತು. ಆದರೆ ಡಬ್ಬದಲ್ಲಿ ಬಂದ ಹೋಸ್ ಒಂದು ಗೇಣು ಮೋಟು. ಭಾಮೈದ ಬಿ.ಎಚ್. ರಸ್ತೆಗೆ ಹೋಗಿ ರೇಡಿಯೇಟರ್ ಪೈಪನ್ನೇ ಅಳತೆಗೆ ಕೊಯ್ಯಿಸಿಕೊಂಡು, ಜೊತೆಗೆ ಸ್ಕ್ರೂ ಕ್ಲಿಪ್ಪು ತಂದ. ಅಷ್ಟರಲ್ಲಿ ನನ್ನಾಕೆ ಜಾಣತನ ಮಾಡಿ ಶಿರಾ ಗೇಟ್ ಕಡೆಯ ಗ್ಯಾರೇಜಿನ ಭಾಯ್‌ಗೆ ಫೋನ್ ಮಾಡಿದ್ದಳು.

ಭಾಯ್ ಬಂದವರು ಪೈಪನ್ನು ಎರಡು ಬೆರಳಲ್ಲಿ ಹಿಚುಕಿ ನೋಡಿದರು. "ಇದು ನೀರಿನ ಪೈಪು ಸಾರ್. ಎಣ್ಣೆ ಕುಡಿದ್ರೆ ಉಬ್ಬಿ ಕೊಳ್ತೋಗ್ತೈತೆ. ಟೈರಲ್ಲಿ ಎಷ್ಟು ಗಾಳಿ ಹಾಕಿಸ್ತೀರ? ಮೂವತ್ತು. ಇದರೊಳಗೆ ಅದರ ಎರಡರಷ್ಟು ಪ್ರೆಷರ್ ಬರ್ತೈತೆ. ಕ್ಲಿಪ್ಪು ಹಾರಿದ್ರೆ ಒಂದೇ ಫರ್ಲಾಂಗಲ್ಲಿ ಆಯಿಲ್ ಎಲ್ಲ ರೋಡಿಗೆ, ಎಂಜಿನ್ ಜಾಮ್."

ಕೊನೆಗೆ ಜೆ.ಸಿ.ಬಿ.ಗಳಿಗೆ ಹೋಸ್ ಪ್ರೆಸ್ ಮಾಡಿಕೊಡುವ ಅಂಗಡಿಯಲ್ಲಿ, ಬಿಸಿ ಎಣ್ಣೆ ತಡೆಯುವಂಥದ್ದೇ ಬೇಕೆಂದು ಕೇಳಿ ಮಾಡಿಸಿದ್ದಾಯಿತು. ಖಾಲಿ ಕೂಲರ್ ತುಂಬುವವರೆಗೆ ಎಂಜಿನ್‌ಗೆ ಎಣ್ಣೆ ಸರಿಯಾಗಿ ಸಿಗುವುದಿಲ್ಲವೆಂದು ಭಾಯ್ ಮೊದಲು ಪೆಟ್ರೋಲ್ ಪಂಪಿನ ಫ್ಯೂಸ್ ಕಿತ್ತರು. ಸ್ವಲ್ಪ ಸ್ವಲ್ಪವೇ ಸೆಲ್ಫ್ ಹೊಡೆಸಿ, ಆಯಿಲ್ ಲೈಟ್ ಆರಿದ ಮೇಲೆಯೇ ಫ್ಯೂಸ್ ಹಾಕಿ ಸ್ಟಾರ್ಟ್ ಮಾಡಿಸಿದರು. ಆಯಿಲ್ ಅಳೆಯುವ ಗೇಜ್ ಕಡ್ಡಿ ಎಳೆದು ನೋಡಿದರೆ ಮಟ್ಟ ಇಳಿದಿತ್ತು. ಇನ್ನೂ ಅರ್ಧ ಲೀಟರಿನಷ್ಟು ಆಯಿಲ್ ಕುಡಿಯಿತು.

ಮಾರನೇ ಬೆಳಿಗ್ಗೆ ಬಾಗಿಲ ಮುಂದೆ ರಂಗೋಲಿ ಹಾಕಲು ಹೋದ ನನ್ನಾಕೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಕರೆದಳು. "ರೀ, ಬನ್ನಿ ಇಲ್ಲಿ. ಈ ಚುಕ್ಕಿ ನಾನಿಟ್ಟಿದ್ದಲ್ಲ."

ಕಪ್ಪನೆಯ ಚುಕ್ಕಿ. ಸ್ವಲ್ಪ ಹೊತ್ತಿಗೆ ಇನ್ನೊಂದು. ಎಲ್ಲಿಂದ ಅನ್ನುವುದೇ ಯಕ್ಷಪ್ರಶ್ನೆ. ಸೋರಿದ ಎಣ್ಣೆ ಸುಮ್ಮನೆ ಕೆಳಗೆ ಬೀಳುವುದಿಲ್ಲ. ಗಾಡಿ ಓಡುವಾಗಿನ ಗಾಳಿಗೆ ಹಿಂದಕ್ಕೆ ಹರಿದು, ಎಂಜಿನ್ ತಳದ ಆಯಿಲ್ ಚೇಂಬರ್ ಸವರಿಕೊಂಡು, ನಿರಪರಾಧಿ ಬೋಲ್ಟೊಂದರ ತುದಿಯಲ್ಲಿ ತೊಟ್ಟಿಕ್ಕುತ್ತೆ. ಭಾಮೈದ ಆ ಬೋಲ್ಟನ್ನೇ ಹಿಡಿದು ಬಿಗಿದ, ಚುಕ್ಕಿ ನಿಲ್ಲಲಿಲ್ಲ. ಹೋಸ್ ನಟ್ ಬಿಗಿದ, ಅದಕ್ಕೂ ಚುಕ್ಕಿ ಜಗ್ಗಲಿಲ್ಲ.

ಗಾಡಿ ಗ್ಯಾರೇಜಿಗೆ ಹೋಯಿತು. ಭಾಯ್ ಕೆಳಗೆಲ್ಲ ಪೆಟ್ರೋಲ್ ಅದ್ದಿದ ಬಟ್ಟೆಯಿಂದ ಒರೆಸಿ, ಚೆನ್ನಾಗಿ ಆರಲು ಬಿಟ್ಟು, ನನ್ನ ಕಡೆ ತಿರುಗಿದರು. "ಮನೇಲಿ ಮುಖಕ್ಕೆ ಹಾಕೋ ಪೌಡರ್ ಐತಾ ಸಾರ್?"

ಐತೆ ಅಂದೆ. ಹೋಗಿ ತಂದೆ. ಅವರು ಡಬ್ಬಿಯನ್ನು ಅಂಗೈಗೆ ತಟ್ಟಿಕೊಂಡು ಫಿಲ್ಟರ್ ಸುತ್ತ, ಪ್ಲೇಟಿನ ಅಂಚಿಗೆ, ಹೋಸಿನ ಕುತ್ತಿಗೆಗೆ ಒಂದೇ ಸಮನೆ ಉಫ್ ಉಫ್ ಅಂತ ಊದಿದರು. ಜಿಡ್ಡುಗಟ್ಟಿದ ನಮ್ಮ ಎಂಜಿನ್ ಒಂದೇ ನಿಮಿಷದಲ್ಲಿ ಬೆಳ್ಳಗಾಗಿ ಗಂಧದ ವಾಸನೆ ಬೀರತೊಡಗಿತು. ಪಂಕ್ಚರ್ ಹಾಕಿಸಲು ಬಂದಿದ್ದವರೂ ಟೀ ಲೋಟ ಹಿಡಿದು ನೋಡಲು ನಿಂತರು. ಎಂಜಿನ್ ಚಾಲೂ ಮಾಡಿದರು. ನಾನು ಟಾರ್ಚ್ ಹಿಡಿದೆ, ಈ ಸಲ ಸರಿಯಾದ ಜಾಗದಲ್ಲೇ. ಪ್ಲೇಟು ಎಂಜಿನ್ನಿಗೆ ಅಂಟಿದ ಕಡೆ, ಬಿಳಿ ಪೌಡರ್ ಮೇಲೆ, ಕಾಡಿಗೆ ಕರಗಿದಂತೆ ಸಣ್ಣ ಕಪ್ಪು ಗೆರೆಯೊಂದು ನಿಧಾನಕ್ಕೆ ಇಳಿಯಿತು.

ಪ್ಲೇಟ್ ಬಿಚ್ಚಿದರೆ ಒಳಗೆ ಹಳೇ ಫಿಲ್ಟರಿನ ರಬ್ಬರ್ ರಿಂಗು ಎಂಜಿನ್ನಿಗೆ ಕಚ್ಚಿಕೊಂಡು ಹಾಗೇ ಕೂತಿತ್ತು. ಅದರ ಮೇಲೆ ಹೊಸ ಓ-ರಿಂಗ್. ಭಾಯ್ ಉಗುರಲ್ಲಿ ಎಬ್ಬಿಸಿ ತೆಗೆದು, ಭಾಮೈದನ ಅಂಗೈಗೆ ಪ್ರಸಾದದಂತೆ ಇಟ್ಟರು. "ಒಂದು ಒರೆಗೆ ಎರಡು ಕತ್ತಿ ಆಯ್ತಲ್ಲ ಸ್ವಾಮಿ."

ಆಮೇಲೆ ಸೋರಲಿಲ್ಲ. ಸೂಜಿ 85ರ ಆಚೆ ಹೋಗಲೇ ಇಲ್ಲ. ಭಾಮೈದ ಊರೆಲ್ಲ ಹೇಳಿಕೊಂಡು ತಿರುಗಿದ. ಡಿಸೆಂಬರ್ ಬಂತು. ಬೆಳಗಿನ ಚಳಿಗೆ ಸೂಜಿ 60 ದಾಟಲು ಒದ್ದಾಡತೊಡಗಿತು. ಒಂದು ದಿನ ಆಯಿಲ್ ಹಾಕುವ ಮುಚ್ಚಳ ತೆಗೆದರೆ ಒಳಗೆಲ್ಲ ಕಾಫಿ ಬಣ್ಣದ ಬೆಣ್ಣೆ! ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಕಾಂಪೌಂಡ್ ಮೇಲಿಂದಲೇ ಬಗ್ಗಿ ನೋಡಿ, "ಹೆಡ್ ಗ್ಯಾಸ್ಕೆಟ್ ಹೋಯ್ತು, ಎಂಜಿನ್ ಇಳಿಸ್ಬೇಕು" ಅಂತ ತೀರ್ಪು ಕೊಟ್ಟು ಪೇಪರ್ ಓದಲು ಹೋದರು. ಎಂಜಿನ್ನಿನೊಳಗೆ ನೀರು, ಎಣ್ಣೆ ಬೆರೆಯದಂತೆ ಅಡ್ಡ ನಿಲ್ಲುವ ಪದರ ಅದು. ನನಗೆ ಮಾತ್ರ ಬೆವರು.

ಭಾಯ್ ಅವಸರಪಡಲಿಲ್ಲ. ಕೂಲೆಂಟ್ ಡಬ್ಬಿ ನೋಡಿದರು. ಮಟ್ಟ ಇಳಿದಿಲ್ಲ, ಎಣ್ಣೆಯ ಪದರವಿಲ್ಲ. ಗೇಜ್ ಎಳೆದು ನೋಡಿದರೆ ಆಯಿಲ್ ತಿಳಿಯಾಗಿದೆ. "ಗ್ಯಾಸ್ಕೆಟ್ ಸೂಪರಾಗೈತೆ. ಗಾಡಿಗೆ ನೆಗಡಿ ಆಗೈತೆ, ಅಷ್ಟೇ."

ಲೀಟರ್ ಪೆಟ್ರೋಲ್ ಉರಿದರೆ ಹತ್ತಿರಹತ್ತಿರ ಒಂದು ಲೀಟರ್ ನೀರು ಹುಟ್ಟುತ್ತೆ. ಹೆಚ್ಚಿನದು ಸೈಲೆನ್ಸರ್‌ನಿಂದ ಆವಿಯಾಗಿ ಹೋಗುತ್ತೆ, ಚೂರುಪಾರು ಪಿಸ್ಟನ್ ರಿಂಗ್ ಸಂದಿಯಿಂದ ಎಣ್ಣೆಗಿಳಿಯುತ್ತೆ. ಎಣ್ಣೆ ಚೆನ್ನಾಗಿ ಕಾದರೆ ತಾನೇ ಅದು ಹಾರಿಹೋಗೋದು? ನಾವು ಶಾಲೆ, ತರಕಾರಿ, ಮನೆ ಅಂತ ಎರಡು ಮೂರು ಕಿಲೋಮೀಟರ್ ಓಡಿಸಿ ನಿಲ್ಲಿಸುವವರು. ಮೊದಲೇ ಅರೆಬಿಸಿ ಎಣ್ಣೆ, ಮೇಲೆ ಕೂಲರ್ ಗಾಳಿ. ಒಳಗಿನ ನೀರು ಹೊರಗೆ ಹೋಗುವ ದಾರಿ ಕಾಣದೆ ಎಣ್ಣೆಯ ಜೊತೆ ಸಂಸಾರ ಹೂಡಿತ್ತು.

"ನಾ ಹೇಳ್ಲಿಲ್ವಾ," ಅಂದರು ಅಮ್ಮ, ಹೇಳದಿದ್ದರೂ. "ತಂಪು ಅತಿಯಾದ್ರೆ ಶೀತವೇ."

ತಾತ್ಕಾಲಿಕವಾಗಿ ಭಾಯ್ ಒಂದು ರಟ್ಟಿನ ತುಂಡು ಕತ್ತರಿಸಿ ಕೂಲರ್ ಮುಂದೆ ಕಟ್ಟಿದರು. ಊದುಬತ್ತಿ ಡಬ್ಬದ ರಟ್ಟು, ದೇವರ ಚಿತ್ರ ಹೊರಗಡೆಗೆ. ಕ್ಯಾತ್ಸಂದ್ರಕ್ಕೆ ತಟ್ಟೆ ಇಡ್ಲಿ ತಿನ್ನಲು ಹೋದಾಗ ಹೋಟೆಲ್ ಮುಂದೆ ಒಬ್ಬರು ಗ್ರಿಲ್ಲಿಗೆ ಕೈಮುಗಿದೂ ಹೋದರು. ಭಾಮೈದನಿಗೆ ಇದು ಅವಮಾನವಾಯಿತು. ಥರ್ಮೋಸ್ಟಾಟ್ ಇರುವ ಪ್ಲೇಟ್ ತರಿಸಿದ. ಅದರೊಳಗಿನ ಮೇಣದ ಗುಂಡು 80 ಡಿಗ್ರಿ ಆಸುಪಾಸು ಬಿಸಿಯಾದಾಗ ಹಿಗ್ಗಿ ಕೂಲರ್‌ಗೆ ದಾರಿ ಬಿಡುತ್ತೆ, ಅಲ್ಲಿಯವರೆಗೆ ಎಣ್ಣೆಯನ್ನು ಬಹುಪಾಲು ಎಂಜಿನ್ನಿನಲ್ಲೇ ಸುತ್ತಿಸುತ್ತೆ. ಹಳೇ ರಬ್ಬರ್ ರಿಂಗ್ ಉಳಿದಿಲ್ಲ ಅಂತ ಈ ಸಲ ಮೂವರೂ ಬೆರಳಾಡಿಸಿ ನೋಡಿದೆವು. ಆಯಿಲ್ ಬದಲಿಸಿ, ಹೈವೇಯಲ್ಲಿ ಶಿರಾವರೆಗೆ ಹೋಗಿ ಬಂದ ಮೇಲೆ ಮುಚ್ಚಳದ ಬೆಣ್ಣೆಯೂ ಮಾಯ. ಈಗ ಸೂಜಿ 95ರಲ್ಲಿ ಅಲುಗಾಡದೆ ನಿಂತಿರುತ್ತೆ. ಭಾಮೈದ ಆಗಾಗ ಗಾಜಿಗೆ ಬೆರಳಿಂದ ತಟ್ಟಿ ನೋಡುತ್ತಾನೆ, ಏನಾದರೂ ಕೆಟ್ಟಿದೆಯೇನೋ ಅನ್ನುವ ಆಸೆಯಿಂದ.

ಪೌಡರ್ ಡಬ್ಬಿ ಮಾತ್ರ ಗ್ಯಾರೇಜಿನಲ್ಲೇ ಉಳಿಯಿತು. ಈಗ ಅಲ್ಲಿಗೆ ಸೋರಿಕೊಂಡು ಬರುವ ಗಾಡಿಗಳಿಗೆಲ್ಲ ಗಂಧದ ಅಲಂಕಾರ. ಮೊನ್ನೆ ಭಾಯ್ ನನ್ನಾಕೆಗೇ ಫೋನ್ ಮಾಡಿದ್ದರು: "ಮೇಡಂ, ಡಬ್ಬಿ ಖಾಲಿ ಆಯ್ತು. ಅಂಗಡೀಲಿ ಗಂಧದ್ದು ಇಲ್ವಂತೆ. ಮಲ್ಲಿಗೆದು ನಡೀತೈತಾ?"